ಮೈಕಿಗೆ ಹೇಳದ ಹೆಸರು

ನಮ್ಮಜ್ಜಿ ಅವರೆಕಾಯಿ ಸುಲಿಯಲು ಕೂತರೆ ಒಗಟು ಹಾಕದೆ ಏಳುತ್ತಿರಲಿಲ್ಲ. ಬಿಡಿಸಲಾರದವರು ಸೋಲೊಪ್ಪಿ ಅಜ್ಜಿಗೆ ಬಾಯಿಮಾತಿನಲ್ಲೇ ಒಂದು ಊರು ಕೊಡಬೇಕು. ನಮ್ಮೂರು ಅಗರದ ಮನೆಯ ಜಗಲಿಯಲ್ಲಿ ಕೂತೇ ನಾನು ಯಳಂದೂರು, ಹನೂರು, ಕೊನೆಗೆ ಮಾದಪ್ಪನ ಬೆಟ್ಟವನ್ನೂ ಕಳೆದುಕೊಂಡವಳು. "ಬೆಟ್ಟನೇ ಕೊಟ್ಬುಟ್ಟಲ್ಲ, ಇನ್ನು ಮಾದಪ್ಪ ಎಲ್ಲಿ ಕೂರಾನು?" ಅಂತ ಅಜ್ಜಿ ನಗುತ್ತಿದ್ದಳು.

ಆ ಆಟವನ್ನು ಈಚೆಗೆ ಮತ್ತೆ ಆಡಿದ್ದು ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ, ಅಣ್ಣನ ಮಂಚದ ಪಕ್ಕ, ಅತ್ತಿಗೆಯ ಜೊತೆ.

ಅಣ್ಣ ಲಗೇಜ್ ಆಟೋ ಓಡಿಸುತ್ತಿದ್ದವನು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಷ್ಷು ಜಾರಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಲಕ್ವ. ಬಲಗೈ, ಬಲಗಾಲೂ ಹೋದವು, ಮಾತೂ ಹೋಯಿತು. "ಮಾತು ಬಂದರೆ ಬರಬಹುದು. ಸುಮ್ಮನೆ ಬಿಡಬೇಡಿ, ಮಾತಾಡಿಸ್ತಾ ಇರಿ" ಅಂದರು ಡಾಕ್ಟರು.

ಇನ್ನು ಮನೆ ನಡೆಯಬೇಕಾದದ್ದು ಅತ್ತಿಗೆಯಿಂದ. ಅದೇ ಹೊತ್ತಿಗೆ ಯಾವುದೋ ಸಂಸ್ಥೆಯವರು ಹಳ್ಳಿಗೊಬ್ಬ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಮನೆಮನೆಗೆ ಹೋಗಿ ಅವರವರ ಹೆಸರು, ವಯಸ್ಸು, ಕಾಯಿಲೆ ಕೇಳಿ ಮೊಬೈಲಿಗೆ ತುಂಬುವ ಕೆಲಸ. ಆದರೆ ಅದಕ್ಕೊಂದು ಪರೀಕ್ಷೆ. ಕಂಪ್ಯೂಟರು, ಮೊಬೈಲಿನ ಪದಗಳ ಅರ್ಥ ಹೇಳಬೇಕು, ಕೈಯಲ್ಲಿ ಮಾಡಿಯೂ ತೋರಿಸಬೇಕು. ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನ್ನ ಪಾಲಿಗೆ ಕಲಿಸುವ ಕೆಲಸ ಬಂತು. ಪಾಠದ ಹಾಗೆ ಹೇಳಿದ್ದು ಅತ್ತಿಗೆಯ ತಲೆಗೆ ಹತ್ತಲಿಲ್ಲ. ಗಂಡನ ಕಡೆ ಒಂದು ಕಣ್ಣಿಟ್ಟು ಕೂತವಳಿಗೆ ಹೇಗೆ ಹತ್ತೀತು? ಕೊನೆಗೆ ಅಜ್ಜಿಯ ದಾರಿ ಹಿಡಿದೆ.

"ಬಾಯಿಲ್ಲದ ಬೀಗ, ಕೈಗೆ ಸಿಗದ ಬೀಗದಕೈ. ಏನ್ಹೇಳು ಅತ್ಗೆ?"

"ಪಾಸ್‌ವರ್ಡು."

"ಅಟ್ಟದ ಮೇಲಿಂದು ಮಡಿಲಿಗೆ ಬಂತು, ಅಟ್ಟದ ಮೇಲೂ ಅಂಗೇ ಉಳೀತು?"

"ಡೌನ್‌ಲೋಡು. ಸಲೀಸಾಗಿ ಕೇಳ್ಬ್ಯಾಡ ಕಣವ್ವ, ಪರೀಕ್ಷೆಲಿ ಬುಡ್ತಾರಾ?"

"ಉಟ್ಟಿದ ಗಳಿಗೇಲೇ ಸಾಯೋ ಕೂಸು, ಯಾರ್ಗೂ ತೋರಿಸ್ಬಾರ್ದು?"

ಓಟಿಪಿ ಅನ್ನುವುದು ಅವಳಿಗೆ ಗೊತ್ತಿತ್ತು. ಅನ್ನಲಿಲ್ಲ. ಅಣ್ಣನ ಮುಖ ನೋಡಿದಳು, ಆಮೇಲೆ ನನ್ನ ತೊಡೆಗೆ ರಪ್ಪನೆ ಒಂದು ಬಿಟ್ಟಳು. "ಬಿಡ್ತು ಅನ್ನು! ಈ ಮಂಚದ ಪಕ್ಕ ಕೂತ್ಕಂಡು ಸಾಯೋ ಮಾತಾ? ಬಿಡ್ತು ಅನ್ನು ಅಂದೆ." ನಾನು ಬಿಡ್ತು ಅಂದೆ. ಆ ದಿನ ಮತ್ತೆ ಒಗಟು ಹಾಕಲಿಲ್ಲ.

ಪರೀಕ್ಷೆಯ ದಿನ ಅಣ್ಣನನ್ನು ಪಕ್ಕದ ಮಂಚದ ಮಾರ್ಟಳ್ಳಿಯ ತಾತನಿಗೆ ಒಪ್ಪಿಸಿ ಹೊರಟೆವು. "ಪೋಯ್ಟು ವಾಮ್ಮಾ, ಹೋಗ್ಬುಟ್ ಬಾ, ನಾನ್ ನೋಡ್ಕತೀನಿ. ಎದ್ದು ಓಡೋಗಕ್ಕೆ ನಮ್ಮಿಬ್ರಿಗೂ ಕಾಲೆಲ್ಲಿ ಅವೆ?" ಅಂದ ತಾತ.

ಪರೀಕ್ಷೆ ಮಾಡುತ್ತಿದ್ದವಳು ಚಿಕ್ಕ ವಯಸ್ಸಿನ ಮೇಡಂ, ಒಳ್ಳೆಯವಳೇ. ನನ್ನನ್ನು ಬಾಗಿಲ ಬಳಿ ಕೂರಲು ಬಿಟ್ಟಳು. "ಬಾಯಿ ಬಿಡಂಗಿಲ್ಲ" ಅಂತ ಮಾತ್ರ ಹೇಳಿದಳು. ವೈಫೈ, ಬ್ರೌಸರ್, ಸ್ಕ್ರೀನ್‌ಶಾಟ್, ಕೇಳಿದ್ದಕ್ಕೆಲ್ಲ ಅತ್ತಿಗೆ ಉತ್ತರ ಕೊಟ್ಟಳು. ನನ್ನ ಎದೆ ಸ್ವಲ್ಪ ಹಗುರಾಯಿತು.

"ಕೊನೇದು. ವಾಯ್ಸ್ ಟೈಪಿಂಗ್ ಅಂದ್ರೇನು?"

"ನಾವು ಬಾಯಲ್ಲಿ ಏಳುದ್ನ ಮೊಬೈಲೇ ಬರ್ಕತದೆ."

"ಮಾಡಿ ತೋರ್ಸಿ. ನಿಮ್ಮ ಮನೆ ಯಜಮಾನರ ಹೆಸರು ಹೇಳಿ."

ಅತ್ತಿಗೆ ಮೈಕಿನ ಗುರುತು ಒತ್ತಿದಳು. ಅದು ಮಿನುಗಿತು, ಕಾಯಿತು, ತಾನೇ ಆರಿಹೋಯಿತು. ಮತ್ತೆ ಒತ್ತಿದಳು. ಮತ್ತೆ ಆರಿತು. ಅವಳು ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಚೀಟಿ ಬರೆಸುವಲ್ಲಿ, ಗಂಡನ ಹೆಸರು ಕೇಳಿದರೆ ನಮ್ಮ ಕಡೆ ಹೆಂಗಸರು ಪಕ್ಕದವರನ್ನು ನೋಡುವುದೇ ಹೀಗೆ. "ಏಳವ್ವ ನೀನು" ಅನ್ನುವ ನೋಟ. ಪಕ್ಕದವರು ಹೇಳುತ್ತಾರೆ, ಕೆಲಸ ಆಗುತ್ತದೆ. ಬಾಯಲ್ಲಿ ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಅನ್ನುವ ಮಾತನ್ನು ನಾವು ಯಾರೂ ಕೂತು ಕಲಿತದ್ದಲ್ಲ. ಮೇಡಂ ನನ್ನ ಕಡೆ ಬೆರಳೆತ್ತಿದಳು. ನಾನು ತುಟಿ ಕಚ್ಚಿಕೊಂಡೆ.

ಅತ್ತಿಗೆ ತಲೆ ತಗ್ಗಿಸಿ ಕೀಲಿಮಣೆ ತೆಗೆದು ಒಂದೊಂದೇ ಅಕ್ಷರ ಒತ್ತಿದಳು. ಅಣ್ಣನ ಹೆಸರು ಒಂದು ತಪ್ಪಿಲ್ಲದೆ ಮೂಡಿತು.

"ಇದು ಟೈಪಿಂಗ್ ಅಮ್ಮ. ನಾನು ಕೇಳಿದ್ದು ವಾಯ್ಸ್."

"ನಿಮ್ಮೆಸ್ರು ಏಳ್ತೀನಿ, ಇವ್ಳೆಸ್ರು ಏಳ್ತೀನಿ, ಊರೋರ ಎಸ್ರೆಲ್ಲ ಏಳ್ತೀನಿ ಮೇಡಮ್ಮಾರೆ. ಅವರ್ದೊಂದು ಬ್ಯಾಡಿ."

"ಎಲ್ಲರಿಗೂ ಒಂದೇ ಪ್ರಶ್ನೆ. ನಿಮಗೆ ಬದಲಾಯಿಸಿದ್ರೆ ಹೊರಗೆ ಕೂತಿರೋರು ಸುಮ್ನಿರ್ತಾರಾ? ಒಂದೇ ಒಂದು ಸಲ ಹೇಳಿಬಿಡಿ. ಮದುವೇಲಿ ಹೇಳಿರ್ತೀರಲ್ಲ?"

"ಅವತ್ತು ಅವರು ಎದ್ದು ನಿಂತಿದ್ರು ಕಣವ್ವ" ಅಂದಳು ಅತ್ತಿಗೆ.

ಮೇಡಂ ಪೆನ್ನು ಕೆಳಗಿಟ್ಟಳು. "ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಇದೆ. ಬನ್ನಿ" ಅಂದಳು. ಅಷ್ಟರೊಳಗೆ ಅಗರದ ಕೆಲಸ ಯಾರ ಪಾಲಾಗಿರುತ್ತದೋ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಬಸ್‌ಸ್ಟ್ಯಾಂಡಿನ ಕಡೆ ನಡೆದೆವು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಕೇಳಿದರೆ ಹೇಳಲಾರೆ. ಹೆಸರು ಹೇಳಿದರೆ ಯಾರೂ ಸಾಯುವುದಿಲ್ಲ ಅಂತ ಬಾಯಿ ತುದಿಗೆ ಬಂತು. ಆದರೆ ಬಿಡ್ತು ಅನ್ನು ಅಂದಾಗ ನಾನೂ ತಡಮಾಡದೆ ಅಂದಿದ್ದೆನಲ್ಲ.

ಆಸ್ಪತ್ರೆಗೆ ಬಂದೆವು. ತಾತ ನಿದ್ದೆ ಹೋಗಿದ್ದ. ಅಣ್ಣ ಕಣ್ಣಲ್ಲೇ "ಏನಾಯ್ತು?" ಅಂತ ಕೇಳಿದ.

"ಇಕಾ, ಕೇಳುದ್ರಾ?" ಅತ್ತಿಗೆ ಅವನ ಹೆಗಲ ಕೆಳಗೆ ದಿಂಬು ಸರಿಮಾಡಿದಳು. "ಎಲ್ಲಾನೂ ಬಿಡಿಸ್ದೆ. ಒಂದು ಆಗ್ನಿಲ್ಲ. ಊರು ಕೊಟ್ಟು ಬಂದೆ. ಯಾವೂರು ಗೊತ್ತಾ? ಅಗರನೇ." ನಗಲು ಹೋದಳು, ಆಗಲಿಲ್ಲ. "ನಿಮ್ಮೆಸ್ರು ಕೇಳುದ್ರು. ನಾನು ಏಳ್ನಿಲ್ಲ."

ಅಣ್ಣನ ಬಾಯಿಯ ಸರಿಯಿದ್ದ ಅರ್ಧ ನಡುಗಿತು. ಎಡಗೈ ಎತ್ತಿ ಅವಳ ಕೈಯಲ್ಲಿದ್ದ ಮೊಬೈಲು ತೋರಿಸಿದ. ನನಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು. ಮೈಕು ಒತ್ತಿ ಅವನ ಬಾಯಿಯ ಬಳಿ ಹಿಡಿದಳು.

"ಏಳಿ. ನೀವೇ ಏಳ್ಕಳಿ ನಿಮ್ಮೆಸ್ರ."

ಅಣ್ಣ ಕುತ್ತಿಗೆಯ ನರ ಉಬ್ಬುವ ಹಾಗೆ ತಿಣುಕಿದ. ಮಾತಲ್ಲದ ಒಂದು ಸದ್ದು ಬಂತು, ಎಂಜಲೂ ಬಂತು. ಅತ್ತಿಗೆ ಸೆರಗಿನಿಂದ ಅವನ ಬಾಯಿ ಒರೆಸಿ, ಪರದೆಯ ಮೇಲೆ ಮೂಡಿದ್ದನ್ನು ಮೆಲ್ಲಗೆ ಓದಿದಳು.

"ಅರ್ಥವಾಗಲಿಲ್ಲ. ಮತ್ತೆ ಪ್ರಯತ್ನಿಸಿ... ಅಂತದೆ ಕಣ್ರಿ. ಇನ್ನೊಂದ್ಸಲ ಏಳಿ."

ಮತ್ತೆ ಮೈಕು ಒತ್ತಿದಳು.