ಸೋಮಶೇಖರಪ್ಪನವರ ಮೂರು ಬೆರಳು

ಕಡೂರಿನಲ್ಲಿ ಬಿ.ಎಚ್. ರಸ್ತೆಯ ಪಕ್ಕ ಒಂದಕ್ಕೊಂದು ಅಂಟಿಕೊಂಡ ಎರಡು ಶೆಡ್ಡುಗಳಿವೆ. ಒಂದು ನನ್ನ ಗ್ಯಾರೇಜು, ಇನ್ನೊಂದು ರುದ್ರಮೂರ್ತಿಯ ಕುಶನ್ ಅಂಗಡಿ. ನಡುವೆ ಇರುವುದು ಎದೆಯೆತ್ತರದ ಒಂದು ತಗಡಿನ ಗೋಡೆ. ನಾನು ಈ ಕಡೆ ಕೆಮ್ಮಿದರೆ ಅವನು ಆ ಕಡೆಯಿಂದ "ನೀರು ಕುಡೀರಿ ಸಿದ್ದಣ್ಣ" ಎನ್ನುತ್ತಾನೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಅವನ ವಿಷಯ ಹೇಳಲು ನನಗಿಂತ ತಕ್ಕವರು ಯಾರಿದ್ದಾರೆ ಎಂದು ಜಂಬ ಕೊಚ್ಚಿಕೊಳ್ಳಬಹುದಿತ್ತು. ಆದರೆ ಹೇಳಲು ಹೊರಟ ಕಾರಣ ಅದಲ್ಲ. ಅವನಿಗೆ ನಾನು ಮಾಡಿದ್ದು ಹೊಟ್ಟೆಯಲ್ಲಿ ಕೂತುಬಿಟ್ಟಿದೆ, ಏನು ಮಾಡಿದರೂ ಕರಗುತ್ತಿಲ್ಲ.

ರುದ್ರ ಪಂಚನಹಳ್ಳಿಯವನು. ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಮದುವೆಮನೆಯ ಶಾಮಿಯಾನ ಹೊಲಿಯಲು ಕೂತ. ಆಮೇಲೆ ಟ್ರ್ಯಾಕ್ಟರ್ ಸೀಟು, ಬೈಕ್ ಸೀಟು, ಬಸ್ಸಿನ ಸೀಟು, ಕೊನೆಗೆ ಕಾರು. ಕೆಲಸದಲ್ಲಿ ಮಹಾ ನಿಧಾನಿ. ಅವನು ಒಂದು ಬೈಕ್ ಸೀಟಿನ ಅಳತೆ ತೆಗೆಯುವಷ್ಟರಲ್ಲಿ ನಾನು ಎಂಜಿನ್ನೇ ಕೆಳಗಿಳಿಸಿರುತ್ತೇನೆ. "ಲೇ ರುದ್ರ, ಸೀಟ್ ಹೊಲೀತಿದೀಯೋ, ಮದುವೆ ರವಿಕೆ ಹೊಲೀತಿದೀಯೋ?" ಎಂದು ರೇಗಿಸುತ್ತಿದ್ದೆ. ಅವನು ಬಾಯಲ್ಲಿ ಕಚ್ಚಿದ ದಾರವನ್ನೂ ಬಿಡದೆ ನಗುತ್ತಿದ್ದ. ಬೆಳಗ್ಗೆ ಅಂಗಡಿ ತೆಗೆದವನೇ ಕೈಕಾಲು ತೊಳೆದು, ಗೂಡಿನಲ್ಲಿಟ್ಟ ವಿಭೂತಿ ಗಟ್ಟಿಯನ್ನು ತೇಯ್ದು ಹಣೆಗೆ ಮೂರು ಗೆರೆ ಎಳೆದುಕೊಳ್ಳದೆ ಮಿಷನ್ನು ಮುಟ್ಟುತ್ತಿರಲಿಲ್ಲ. ಅದೊಂದು ಮಾತ್ರ ಅವನು ಬೇಗ ಮಾಡುತ್ತಿದ್ದ ಕೆಲಸ.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಅವನು ಯಾವ ಗಾಡಿಯ ಹಳೇ ಬಟ್ಟೆ ಕಿತ್ತರೂ ಮುದ್ದೆ ಮಾಡಿ ತಗಡಿನ ಮೇಲಿಂದ ನನ್ನ ಕಡೆ ಎಸೆದು, "ಸಿದ್ದಣ್ಣ, ಬಂತು!" ಎನ್ನುತ್ತಿದ್ದ. ನಾನು ಅದನ್ನು ಕೈಯೊರೆಸಲು, ಎಣ್ಣೆ ಒರೆಸಲು ಬಳಸುತ್ತಿದ್ದೆ. ಹೀಗಾಗಿ ಹದಿನಾಲ್ಕು ವರ್ಷ ನಾನು ಒಂದು ಹಿಡಿ ವೇಸ್ಟ್ ಬಟ್ಟೆಯನ್ನೂ ಅಂಗಡಿಯಿಂದ ತಂದವನಲ್ಲ.

ಕಳೆದ ಮಾಘದಲ್ಲಿ ಅಜ್ಜಂಪುರದ, ತೀರಿಹೋದ ಸೋಮಶೇಖರಪ್ಪನವರ ಮಡದಿ ಪ್ರೇಮಮ್ಮನವರ ಬಿಳಿ ಕಾರು ಬಂತು. ಇಪ್ಪತ್ತೊಂದು ವರ್ಷದ ಗಾಡಿ. ಇಂಥ ಕಾರುಗಳಲ್ಲಿ ತಲೆಯ ಮೇಲೆ ಒಂದು ಬಟ್ಟೆ ಇರುತ್ತದೆ. ಬಟ್ಟೆಯ ಬೆನ್ನಿಗೆ ತೆಳ್ಳನೆಯ ಸ್ಪಂಜು, ಅದನ್ನು ರಟ್ಟಿನಂಥ ಹಲಗೆಗೆ ಗಮ್ಮಿನಿಂದ ಅಂಟಿಸಿರುತ್ತಾರೆ. ಇಪ್ಪತ್ತು ಬೇಸಿಗೆ ಕಳೆದ ಮೇಲೆ ಸ್ಪಂಜು ಪುಡಿಯಾಗಿ ಬಟ್ಟೆ ಜೋತುಬೀಳುತ್ತದೆ. ಇವರ ಕಾರಿನಲ್ಲಂತೂ ಅದು ಕಾರು ಓಡಿಸುವವರ ತಲೆ ಮೇಲೇ ಕೂರುತ್ತಿತ್ತು. ಪ್ರೇಮಮ್ಮನವರು ಅಲ್ಲಲ್ಲಿ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದರು. ಓಡಿಸುತ್ತಿದ್ದವಳು ಮಗಳು ಶಾಂಭವಿ, ತರೀಕೆರೆಯಲ್ಲಿ ಮೇಷ್ಟ್ರಮ್ಮ. ಪಿನ್ನುಗಳು ಬಿಚ್ಚಿಕೊಂಡು ಅವಳ ಜಡೆಗೆ ಬೀಳುತ್ತಿದ್ದವು.

ಪ್ರೇಮಮ್ಮನವರು ಕಾರಿನೊಳಗೆ ಕನ್ನಡಿಯ ಮೇಲುಗಡೆ ಬೆರಳು ತೋರಿಸಿದರು. ಬೂದುಬಣ್ಣದ ಬಟ್ಟೆಯ ಮೇಲೆ ಮೂರು ದಪ್ಪ ಬಿಳಿ ಗೆರೆಗಳಿದ್ದವು.

"ಇದು ನಮ್ಮನೆಯವರ ಕೈ ಕಣಪ್ಪ. ಕಾರು ತಂದ ದಿನ ಇಟ್ಟ ವಿಭೂತಿ. ಆಮೇಲೆ ಪ್ರತಿ ಆಯುಧಪೂಜೆಗೂ ಅದೇ ಗೆರೆ ಮೇಲೇ ಇಡ್ತಿದ್ರು. ಅವರು ಹೋಗಿ ಮೂರು ವರ್ಷ ಆಯ್ತು. ಇದನ್ನ ಮುಟ್ದೆ ನಾನು ಈ ಗಾಡೀಲಿ ಎಲ್ಲಿಗೂ ಹೊರಟಿಲ್ಲ. ಈ ತುಂಡು ಕತ್ತರಿಸಿಟ್ಕೊಂಡು ಹೊಸ ಬಟ್ಟೆಗೆ ಅದೇ ಜಾಗಕ್ಕೆ ಹೊಲಿದುಕೊಡ್ತೀಯಾ?"

"ಮೊದಲು ಅದನ್ನೇ ಕತ್ತರಿಸ್ತೀನಿ ಅಮ್ಮ. ಆಮೇಲೇ ಬೇರೆ ಕೆಲಸ," ಎಂದ ರುದ್ರ. ನಾನು ತಗಡಿನ ಈ ಕಡೆ ನಿಂತು ಕೇಳಿಸಿಕೊಂಡೆ.

ತಾಯಿ ಮಗಳು ಸಂಜೆ ಬರುತ್ತೇವೆಂದು ನೆಂಟರ ಮನೆಗೆ ಹೋದರು. ರುದ್ರ ಒಳಗಿನ ದೀಪ, ಕೈಹಿಡಿ, ಅಂಚಿನ ರಬ್ಬರು ಎಲ್ಲ ಬಿಚ್ಚಿದ. ಹಲಗೆಯನ್ನು ಡಿಕ್ಕಿಯ ಬಾಗಿಲಿಂದ ಹುಷಾರಾಗಿ ಹೊರಗೆಳೆದು ಮೇಜಿನ ಮೇಲೆ ಬೋರಲು ಹಾಕಿದ. ಅಷ್ಟರಲ್ಲಿ ದೇವನೂರಿನ ಯಾರೋ ಒಬ್ಬರು ಬಂದು ಸೀಟಿನ ವಿಷಯ ಶುರು ಮಾಡಿದರು. ಮಾತಾಡುತ್ತಲೇ ರುದ್ರ ಅಂಚಿನಲ್ಲಿ ಬಟ್ಟೆ ಹಿಡಿದು ಎಳೆದ. ಜೋತುಬಿದ್ದ ಬಟ್ಟೆ ಒಂದು ಸಲ ಕೈಗೆ ಬಂದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಕೊಂಡು ಬರುತ್ತದೆ. ನಾಲ್ಕು ತುಂಡಾಗಿ ಬಂತು. ಹದಿನಾಲ್ಕು ವರ್ಷದ ಕೈ ತನ್ನ ಪಾಡಿಗೆ ತಾನು ಮುದ್ದೆ ಮಾಡಿ ಎಸೆಯಿತು.

"ಸಿದ್ದಣ್ಣ, ಬಂತು!"

ನಾನು ಆಗ ಒಂದು ಜೀಪಿನ ಗೇರ್ ಎಣ್ಣೆ ಇಳಿಸುತ್ತಿದ್ದೆ. ಅರ್ಧ ಚೆಲ್ಲಿತ್ತು. ಬಟ್ಟೆ ಹಿಡಿದು ನೆಲ ಒರೆಸಿದೆ, ಕೈ ಒರೆಸಿದೆ. ಪ್ರೇಮಮ್ಮನವರ ಮಾತನ್ನು ಕಿವಿಯಾರೆ ಕೇಳಿದವನು ನಾನೂ ತಾನೇ? ನನಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರುದ್ರ ಹಲಗೆಯನ್ನು ಉಜ್ಜಿ ಪುಡಿ ತೆಗೆದು, ಹೊಸ ಬಟ್ಟೆ ಹಾಸಿ, ತುಂಡು ಹೊಲಿಯಲು ಅದೇ ಬಣ್ಣದ ದಾರ ಪೋಣಿಸಿದ. ಆಮೇಲೆ ತಗಡಿನ ಮೇಲೆ ಅವನ ಮುಖ ಕಾಣಿಸಿಕೊಂಡಿತು. ಬಿಳಿಚಿಕೊಂಡಿತ್ತು.

"ಸಿದ್ದಣ್ಣ, ಬೆಳಗ್ಗೆ ಎಸೆದ ಬಟ್ಟೆ ಎಲ್ಲಿ?"

ಇಬ್ಬರೂ ನನ್ನ ಕಸದ ಡ್ರಮ್ಮು ಬೋರಲು ಹಾಕಿ ಹುಡುಕಿದೆವು. ಎರಡು ತುಂಡು ಇದ್ದಿಲಿನಂತೆ ಕಪ್ಪಾಗಿ ಸಿಕ್ಕವು. ಮೂರನೆಯದು ಹಿಂಭಾಗದ್ದು, ಅಷ್ಟೇನೂ ಕೊಳೆಯಾಗಿರಲಿಲ್ಲ. ಗೆರೆಯಿದ್ದ ತುಂಡು ಮಾತ್ರ ಇಲ್ಲ. ರುದ್ರ ನೆಲದಲ್ಲೇ ಕುಕ್ಕರಿಸಿದ. "ಇನ್ನೊಂದ್ಸಲ ನೋಡಣ್ಣ," ಎಂದ. ನನಗೆ ಜೀಪಿನವನು ಬರುವ ಹೊತ್ತಾಗಿತ್ತು. "ಎಲ್ಲಾ ನೋಡ್ದೆ ಕಣೋ, ಇಲ್ಲ," ಎಂದುಬಿಟ್ಟೆ. ಎಲ್ಲವನ್ನೂ ನೋಡಿರಲಿಲ್ಲ. ಇಲ್ಲಿಂದ ನನ್ನ ಪಾಪದ ಲೆಕ್ಕ ಶುರು.

ಮುಂದಿನ ಮಾತೂ ನನ್ನದೇ. "ಈ ಹಿಂಭಾಗದ ತುಂಡು ಅದೇ ಬಟ್ಟೆ ತಾನೇ? ನಿನ್ನ ಮೂರು ಬೆರಳು ಇಟ್ಬಿಡು. ವಿಭೂತಿ ಮೇಲೆ ಯಾರ ಹೆಸರು ಬರ್ದಿರ್ತದೆ?"

ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೂ ಎದ್ದ. ಕೈಕಾಲು ತೊಳೆದ. ಗೂಡಿನ ಗಟ್ಟಿ ತೆಗೆದು ತೇಯ್ದ. ಬೆರಳು ಬಟ್ಟೆಯ ಹತ್ತಿರ ಹೋಗಿ ಎರಡು ಸಲ ಹಿಂದೆ ಬಂತು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಎಳೆದ. ಬಿಸಿಲಿನಲ್ಲಿ ಒಣಗಿಸಿ, ಸುತ್ತ ಹೊಲಿದು, ಹಲಗೆಗೂ ಬಟ್ಟೆಗೂ ಗಮ್ಮು ಹೊಡೆದು, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತ ಅಂಟಿಸಿದ. ಒಂದು ಸುಕ್ಕಿಲ್ಲ. ಅಷ್ಟು ಚೆಂದದ ಕೆಲಸವನ್ನು ಅವನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಸಂಜೆ ಪ್ರೇಮಮ್ಮನವರು ಬಂದು ಒಳಗೆ ಕೂತು ಕೈಯೆತ್ತಿ ಆ ಗೆರೆ ಮುಟ್ಟಿದರು, ಕಣ್ಣಿಗೊತ್ತಿಕೊಂಡರು. "ನಮ್ಮನೆಯವರನ್ನ ಉಳಿಸಿಕೊಟ್ಟೆ ಕಣಪ್ಪ. ನಿನ್ನ ಕೈ ತಣ್ಣಗಿರಲಿ," ಎಂದರು. ರುದ್ರ ತಲೆ ತಗ್ಗಿಸಿ ಟೇಪು ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಮಾರನೇ ಬೆಳಗ್ಗೆ ಅವನ ಹಣೆ ಬರಿದಾಗಿತ್ತು. ಮರೆತಿರಬೇಕು ಎಂದುಕೊಂಡೆ. ಅದರ ಮಾರನೇ ದಿನವೂ ಹಾಗೇ. "ಏನೋ, ಗಟ್ಟಿ ಖಾಲಿಯಾಯ್ತಾ?" ಎಂದು ತಮಾಷೆ ಮಾಡಿದೆ.

"ಈ ಕೈಯಿಂದ ಹಚ್ಕೊಳ್ಳೋಕೆ ಆಗ್ತಿಲ್ಲ ಸಿದ್ದಣ್ಣ," ಎಂದ. ನಗಲಿಲ್ಲ.

ಜೀಪಿನವನು ಅವತ್ತು ಬಂದಿರಲೇ ಇಲ್ಲ. ಮೂರನೇ ದಿನ ಜೀಪನ್ನು ಹೊರಗೆ ತಳ್ಳಿದಾಗ ಅದರ ಗೇರ್‌ಬಾಕ್ಸಿನ ಕೆಳಗೆ, ತೊಟ್ಟಿಕ್ಕುವುದನ್ನು ತಡೆಯಲು ನಾನೇ ತುರುಕಿದ್ದ ಬಟ್ಟೆ ಬಿತ್ತು. ಬಿಡಿಸಿ ನೋಡಿದೆ. ಪೂರ್ತಿ ಎಣ್ಣೆ ಕುಡಿದಿತ್ತು. ಆದರೆ ಮಡಿಕೆಯ ಒಳಗೆ, ಅಂಗೈಯಗಲದ ಜಾಗದಲ್ಲಿ, ಒಂದು ಗೆರೆ ಹಾಗೇ ಉಳಿದಿತ್ತು. ಹದಿನೆಂಟು ವರ್ಷ ಒಂದರ ಮೇಲೊಂದು ಹಚ್ಚಿದ ವಿಭೂತಿ, ಸುಣ್ಣದ ಹಾಗೆ ದಪ್ಪಗೆ.

ತಗಡಿನ ಆಚೆಗೇ ರುದ್ರ ಇದ್ದ. ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಎಲ್ಲಾ ನೋಡಿದೆ ಎಂದು ಸುಳ್ಳು ಹೇಳಿದವನು ನಾನು, ಸುಳ್ಳು ಗೆರೆ ಎಳೆಸಿದವನು ನಾನು. ಈಗ ಇದನ್ನು ತೋರಿಸಿದರೆ ನನ್ನ ಮುಖ ಎಲ್ಲಿಡಲಿ? ನಾಳೆ ಹೇಳೋಣ ಎಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೂಲ್ ಪೆಟ್ಟಿಗೆಯ ತಳದಲ್ಲಿಟ್ಟೆ. ಆ ನಾಳೆ ಬರಲೇ ಇಲ್ಲ.

ಪ್ರೇಮಮ್ಮನವರು ಕಡೂರಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ಕಾರು ನಿಲ್ಲಿಸುತ್ತಿದ್ದರು. ಒಮ್ಮೆ ಕೊಬ್ಬರಿ ಗಿಟುಕು, ಒಮ್ಮೆ ಚಟ್ನಿಪುಡಿ ಕೊಟ್ಟುಹೋಗುತ್ತಿದ್ದರು. ರುದ್ರ ಅದನ್ನು ಮನೆಗೆ ಒಯ್ಯುತ್ತಿರಲಿಲ್ಲ. ನನ್ನ ಕಡೆ ದಾಟಿಸಿ, "ನೀವೇ ತಗೊಳ್ಳಿ, ನನಗೆ ಗಂಟಲಲ್ಲಿ ಇಳಿಯಲ್ಲ," ಎನ್ನುತ್ತಿದ್ದ. ನಾನು ತಿಂದೆ. ಹೌದು, ಆ ಚಟ್ನಿಪುಡಿಯನ್ನು ಕಲಸಿಕೊಂಡು ತಿಂದೆ. ಅವನ ಹೆಂಡತಿ ಯಶೋದಾ ಒಂದು ದಿನ ಬುತ್ತಿ ತಂದವಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಅಣ್ಣ, ಇವರಿಗೇನಾಗಿದೆ? ಬೆಳಗ್ಗೆ ನಾನೇ ವಿಭೂತಿ ಹಚ್ತೀನಿ, ಅಂಗಡಿಗೆ ಬರೋ ಹೊತ್ಗೆ ಒರೆಸ್ಕೊಂಡಿರ್ತಾರೆ. ನಿಮಗಾದ್ರೂ ಹೇಳಿದಾರಾ?" ಇಲ್ಲಮ್ಮ ಎಂದೆ. ಸುಳ್ಳು ಹೇಳುವುದು ಆ ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು.

ಎಂಟು ತಿಂಗಳು ಹೀಗೆ ಕಳೆಯಿತು. ಆಯುಧಪೂಜೆಯ ಹಿಂದಿನ ದಿನ ಬಿಳಿ ಕಾರು ಮತ್ತೆ ಬಂದು ನಿಂತಿತು. ಪ್ರೇಮಮ್ಮನವರ ಕೈಯಲ್ಲಿ ಬೆಳ್ಳಿ ಬಟ್ಟಲಿತ್ತು, ಅದರಲ್ಲಿ ಹೊಸ ವಿಭೂತಿ.

"ಮೂರು ವರ್ಷದಿಂದ ಆ ಗೆರೆ ಮೇಲೆ ಯಾರೂ ಇಟ್ಟಿಲ್ಲ ಕಣಪ್ಪ. ನನ್ನ ಕೈ ನಡುಗ್ತದೆ. ಇವಳು ಅಪ್ಪನ ಗೆರೆ ಕೆಡ್ತದೆ ಅಂತ ಹೆದರ್ತಾಳೆ. ಉಳಿಸಿಕೊಟ್ಟೋನು ನೀನು, ಈ ಸಲ ನೀನೇ ಇಡು."

ರುದ್ರ ಬಟ್ಟಲನ್ನು ಕೈಯಲ್ಲಿ ಹಿಡಿದ. ಹಿಡಿದವನು ಹಾಗೇ ನಿಂತ. ನಾನು ತಗಡಿನ ಈ ಕಡೆ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಇಟ್ಟುಬಿಡೋ ಮಾರಾಯ, ಎಲ್ಲಾ ಅಲ್ಲಿಗೇ ಮುಚ್ಚಿಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಮ್ಮ, ಅದು ಅವರ ಕೈ ಅಲ್ಲ," ಎಂದ ರುದ್ರ. "ನನ್ನದು. ಅವರ ತುಂಡನ್ನ ನಾನು ಕಳೆದುಬಿಟ್ಟೆ. ಹೇಳೋ ಧೈರ್ಯ ಬರಲಿಲ್ಲ, ನನ್ನ ಬೆರಳೇ ಇಟ್ಟು ಹೊಲಿದುಬಿಟ್ಟೆ."

ಪ್ರೇಮಮ್ಮನವರು ಕಾರಿನ ಬಾಗಿಲು ಹಿಡಿದುಕೊಂಡರು. "ಗೆರೆ ತೆಳ್ಳಗಾಗಿದೆ ಅನ್ನಿಸಿತ್ತು. ಹಳೇ ವಿಭೂತಿ ಉದುರಿರಬೇಕು ಅಂದ್ಕೊಂಡೆ," ಎಂದರು. ಒಳಗೆ ಬಗ್ಗಿ ಆ ಗೆರೆಯನ್ನು ನೋಡುತ್ತ, "ಹಾಗಾದ್ರೆ ಎಂಟು ತಿಂಗಳಿಂದ ನಾನು ಯಾರ ಕೈ ಮುಟ್ತಿದ್ದೆನಪ್ಪಾ?" ಎಂದು ಕೇಳಿದರು.

ಶಾಂಭವಿಗೆ ಸಿಟ್ಟು ಬಂತು. "ಕಳೆದದ್ದು ಅಂದ್ರೆ ಹೇಗೆ? ಬಟ್ಟೆಗೇನು ಕಾಲಿತ್ತಾ? ಏನ್ ಮಾಡಿದ್ರಿ ಅದನ್ನ?"

"ಕಸಕ್ಕೆ ಹಾಕ್ಬಿಟ್ಟೆ ಮೇಡಂ. ತಪ್ಪು ನನ್ನದೇ."

ನನ್ನ ಹೆಸರು ಎತ್ತಲಿಲ್ಲ. ಎಣ್ಣೆ ಒರೆಸಿದ್ದು ನಾನು, ಉಪಾಯ ಹೇಳಿಕೊಟ್ಟದ್ದು ನಾನು, ಅವನು ಒಂದು ಸಲ ತಗಡಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಹೊತ್ತು ತಡೆದುಕೊಂಡಿದ್ದ ನನಗೆ ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಪೆಟ್ಟಿಗೆಯ ತಳದಿಂದ ಚೀಲ ತೆಗೆದುಕೊಂಡು ಸುತ್ತಿಬಳಸಿ ಆ ಕಡೆ ಹೋದೆ. "ಕಸಕ್ಕೆ ಹೋಗಿಲ್ಲಮ್ಮ. ನನ್ನ ಹತ್ರ ಇದೆ. ಎಣ್ಣೆ ಒರೆಸಿ ಕೆಡಿಸಿದೋನು ನಾನು. ಸುಳ್ಳು ಗೆರೆ ಇಡು ಅಂದೋನೂ ನಾನೇ," ಎಂದು ಬಟ್ಟೆ ಬಿಡಿಸಿ ಕೊಟ್ಟೆ.

ಪ್ರೇಮಮ್ಮನವರು ಆ ಕಪ್ಪು ಬಟ್ಟೆಯನ್ನು ಸೆರಗಿನ ಮೇಲೇ ಹರಡಿಕೊಂಡರು. ಎಣ್ಣೆ ಸೀರೆಗೆ ಹತ್ತಿತು. ಉಳಿದಿದ್ದ ಒಂದೇ ಗೆರೆಯ ಮೇಲೆ ಬೆರಳಿಟ್ಟು ಈ ಕೊನೆಯಿಂದ ಆ ಕೊನೆಗೆ ಎಳೆದರು. "ಇದು ಅವರದು," ಎಂದರು. ಸದ್ದಿಲ್ಲದೆ ಅತ್ತರು. ನಮ್ಮಿಬ್ಬರಲ್ಲಿ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅದನ್ನ ಬಿಚ್ಚಿ ಇದನ್ನ ಹೊಲಿ," ಎಂದರು ಕೊನೆಗೆ.

"ಎಣ್ಣೆ ಹೊಸ ಬಟ್ಟೆಗೆಲ್ಲ ಹರಡ್ತದಮ್ಮ."

"ಹರಡಲಿ ಬಿಡು."

ರುದ್ರ ಬ್ಲೇಡಿನಿಂದ ತನ್ನ ಹೊಲಿಗೆ ಬಿಚ್ಚಿದ. ಹಲಗೆ ಇಳಿಸದೆ, ಕಾರಿನೊಳಗೇ ಬೆನ್ನಿನ ಮೇಲೆ ಮಲಗಿ, ಬಾಗಿದ ಸೂಜಿಯಿಂದ ಒಂದೊಂದೇ ಹೊಲಿಗೆ ಹಾಕಿದ. ಒಂದೂವರೆ ಗಂಟೆ ಹಿಡಿಯಿತು. ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಬಾಗಿದ್ದೆ. ಅವನು ಮೇಲೆ ನೋಡುತ್ತಿದ್ದನೇ ಹೊರತು ನನ್ನ ಮುಖ ನೋಡಲಿಲ್ಲ. ಮುಗಿದ ಮೇಲೆ ಪ್ರೇಮಮ್ಮನವರು ಕೂತು ಕೈಯೆತ್ತಿ ಮುಟ್ಟಿದರು, ಶಾಂಭವಿ ಗಾಡಿ ತೆಗೆದಳು.

ಕಾರು ತಿರುವು ದಾಟಿದ ಮೇಲೆ ರುದ್ರ ಕೇಳಿದ: "ಯಾವತ್ತು ಸಿಕ್ತು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಮೂರನೇ ದಿನ."

ಅವನು ಕೂಗಾಡಲಿಲ್ಲ. ದಾರದ ಉಂಡೆ ಸುತ್ತಿ ಜೇಬಿಗೆ ಹಾಕಿಕೊಂಡ. "ಎಂಟು ತಿಂಗಳು ಸಿದ್ದಣ್ಣ," ಎಂದಷ್ಟೇ ಹೇಳಿ ಒಳಗೆ ಹೋದ.

ಮಾರನೇ ದಿನ ಹಬ್ಬ. ಅವನ ಹಣೆಯ ಮೇಲೆ ಮೂರು ಗೆರೆ ಎದ್ದು ಕಾಣುತ್ತಿದ್ದವು. ನನ್ನ ಗ್ಯಾರೇಜಿಗೂ ಬಂದು ಪ್ರಸಾದ ಕೊಟ್ಟ. ಹಣೆಗೆ ಹಚ್ಚಿಕೊಳ್ಳಲು ವಿಭೂತಿ ಬಟ್ಟಲೂ ಚಾಚಿದ. ನನ್ನ ಕೈ ಮೇಲೇಳಲಿಲ್ಲ, ಕೈ ತುಂಬ ಗ್ರೀಸು ಎಂದು ನೆವ ಹೇಳಿದೆ. ಅವನು ನನ್ನ ಕೈ ನೋಡಿದ. ಹಬ್ಬವೆಂದು ಸೋಪು ಹಾಕಿ ಉಜ್ಜಿ ತೊಳೆದಿದ್ದ ಕೈ.

ಈಗಲೂ ನಾನು ಕೆಮ್ಮಿದರೆ ಆ ಕಡೆಯಿಂದ ನೀರು ಕುಡೀರಿ ಎನ್ನುತ್ತಾನೆ. ಆದರೆ ಹಳೇ ಬಟ್ಟೆಯನ್ನು ತಗಡಿನ ಮೇಲಿಂದ ಎಸೆಯುವುದಿಲ್ಲ. ಎರಡೂ ಮಗ್ಗುಲು ಬಿಸಿಲಿಗೆ ಹಿಡಿದು ನೋಡಿ, ಮಡಚಿ, ತನ್ನ ಅಂಗಡಿಯಲ್ಲೇ ಇಟ್ಟುಕೊಳ್ಳುತ್ತಾನೆ. ನಾನೂ ಕೇಳಿಲ್ಲ. ಕೈಯೊರೆಸುವ ಬಟ್ಟೆಯನ್ನು ಈಗ ಪೇಟೆಯಿಂದ ತರುತ್ತೇನೆ.