ಗೋಣಿತಟ್ಟಿನ ಕೆಳಗಿನ ನಯ

ನನ್ನ ದಿನಚರಿಯ ಆ ಪುಟದಲ್ಲಿ ಇರುವುದು ಎರಡೇ ಮಾತು: "ಮೇಲ್ಮೈ ನಯವಾಗಿದೆ. ಹೇಳಬೇಕು." ನನ್ನ ನೆನಪು ಇದಕ್ಕಿಂತ ಬಹಳ ಉದ್ದವಾಗಿದೆ. ಅದಕ್ಕೇ ಅದರ ಮೇಲೆ ನಂಬಿಕೆ ಕಡಿಮೆ.

ಹಾನಗಲ್ ಬಳಿಯ ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದೆವು. ಸವಣೂರಿನ ಹೊರಗಿನ ಯಾರ್ಡಿನಲ್ಲಿ ಗರ್ಡರುಗಳನ್ನು, ಅಂದರೆ ಉದ್ದನೆಯ ಕಾಂಕ್ರೀಟು ತೊಲೆಗಳನ್ನು, ಮೊದಲೇ ಎರಕ ಹೊಯ್ದು, ಟ್ರೇಲರಿನಲ್ಲಿ ತಂದು ಕೂರಿಸಿ, ಅವುಗಳ ಮೇಲೆ ಸ್ಲ್ಯಾಬನ್ನು ಹಳ್ಳದಲ್ಲೇ ಹಾಕುವ ಕೆಲಸ. ಹಳ್ಳ ನನ್ನ ಪಾಲಿಗೆ, ಯಾರ್ಡು ನನ್ನ ಜೊತೆಯ ಇಂಜಿನಿಯರ್ ಒಬ್ಬಳ ಪಾಲಿಗೆ. ಶಿಗ್ಗಾಂವಿಯ ಹುಡುಗಿ, ಡಿಪ್ಲೊಮಾ ಓದಿದವಳು. ನಾನು ಎಂ.ಟೆಕ್. ಹಳೆಯ ಕಾಂಕ್ರೀಟು ಹೊಸದರ ಜೊತೆ ಸೇರುವ ಜಾಗ ಎಷ್ಟು ಬಲಕ್ಕೆ ಜಾರುತ್ತದೆ ಎಂಬುದೇ ನನ್ನ ಥೀಸಿಸ್. ಎರಡು ವರ್ಷ ಲ್ಯಾಬಿನಲ್ಲಿ ತುಂಡುಗಳನ್ನು ಒತ್ತಿ ಜಾರಿಸಿದವನು. ಒರಟು ಮೈಯ ತುಂಡುಗಳು ಕಚ್ಚಿ ಹಿಡಿಯುತ್ತಿದ್ದವು, ನಯ ಮೈಯವು ಮೊದಲೇ ಬಿಟ್ಟುಕೊಡುತ್ತಿದ್ದವು. ಹಿರೇಕೆರೂರಿನ ನಮ್ಮ ಮನೆಯಲ್ಲಿ ಅವ್ವ ಹಳೆಯ ಗೋಡೆಯನ್ನು ಕೆತ್ತಿ ನೀರು ಚಿಮುಕಿಸದೆ ಹೊಸ ಮಣ್ಣು ಮೆತ್ತುತ್ತಿರಲಿಲ್ಲ. ಅವಳಿಗೆ ಲ್ಯಾಬು ಬೇಕಾಗಿರಲಿಲ್ಲ.

ಆದರೂ ಯಾರ್ಡು ಹೋದದ್ದು ಆ ಶಿಗ್ಗಾಂವಿಯ ಹುಡುಗಿಗೆ. "ಆಕೀ ಮಾತು ಮಂದಿ ಕೇಳ್ತಾರಪಾ" ಎಂದರು ಮೇಲಧಿಕಾರಿಗಳು.

ಕೇಳುತ್ತಿದ್ದರು, ನಿಜ. ಸವಣೂರಿನ ಮುದುಕ ಗೌಂಡಿ ಅವಳನ್ನು ಗೌರವದಿಂದ 'ಬಾಯಾರ' ಎಂದು ಕರೆದು ಮನೆಯಿಂದ ತಿನ್ನಲು ಖಾರದ ಪೊಟ್ಟಣ ತರುತ್ತಿದ್ದ. ನಾನು ಹೋದರೆ "ಕುಂತ್ರಿ ಸಾಹೇಬ್ರ" ಎಂದು ಖುರ್ಚಿ ತೋರಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಪೊಟ್ಟಣ ನನ್ನ ಕಡೆ ಒಮ್ಮೆಯೂ ಬರಲಿಲ್ಲ. ಹೀಗೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದೊಂದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಪ್ರತಿ ಗರ್ಡರಿನ ಮೇಲ್ಮೈಯನ್ನೂ ಅದು ಗಟ್ಟಿಯಾಗುವ ಮೊದಲು ತಂತಿ ಬ್ರಷ್ಷಿನಿಂದ ಗೀರಿಸುವವಳು ಅವಳೇ. ಗೌಂಡಿಗೆ ಅದು ಸೇರುತ್ತಿರಲಿಲ್ಲ. ನಮ್ಮ ಕಡೆ ಗೌಂಡಿಯ ಹೆಸರು ನಿಲ್ಲುವುದು ಕರಣೆಯ ನಯದ ಮೇಲೆ. ಅವಳು ತರಬೇತಿಗೆ ಹುಬ್ಬಳ್ಳಿಗೆ ಹೋದಾಗ ಕೊನೆಯ ಗರ್ಡರ್ ಹೊಯ್ದರು. ತನ್ನ ಬಾಯಾರಿಗೊಂದು ಚೆಂದದ ಕೆಲಸ ತೋರಿಸಬೇಕೆಂದು ಮುದುಕ, ಮೇಲೆದ್ದ ಕಬ್ಬಿಣದ ರಿಂಗುಗಳ ನಡುವೆ ಕರಣೆ ತೂರಿಸಿ, ಇಡೀ ಉದ್ದಕ್ಕೂ ತಿಕ್ಕಿ, ಒದ್ದೆ ಗೋಣಿತಟ್ಟು ಹೊದಿಸಿದ.

ಮರುದಿನ ಅಳತೆಗೆಂದು ಹೋದ ನಾನು ತಟ್ಟಿನ ತುದಿ ಎತ್ತಿದೆ. ಬೆರಳು ಜಾರಿತು. ನನಗೆ ಮೊದಲು ಬಂದದ್ದು ಗಾಬರಿಯಲ್ಲ, ಸಂತೋಷ. ತಟ್ಟನ್ನು ಮೊದಲಿದ್ದಂತೆಯೇ ಮುಚ್ಚಿದೆ.

ಸ್ಲ್ಯಾಬ್ ಹಾಕುವುದರೊಳಗೆ ಹೇಳಿದರಾಯಿತು, ಸೇತುವೆಗೇನೂ ಆಗದು ಎಂದುಕೊಂಡೆ. ಹತ್ತು ದಿನಕ್ಕೆ ಮೇಲಧಿಕಾರಿಗಳು ಯಾರ್ಡಿಗೆ ಬರುವವರಿದ್ದರು. ಅವರೆದುರು ಹೇಳಬೇಕೆಂಬುದು ನನ್ನ ಲೆಕ್ಕ. ನಡುವೆ ಅವಳೊಡನೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದೆ. ಜಲ್ಲಿಯ ಬಗ್ಗೆ, ಟ್ರೇಲರಿನ ಬಗ್ಗೆ.

ಆ ದಿನ ಅಧಿಕಾರಿಗಳ ಜೊತೆ ಜೀಪಿನಿಂದ ಇಳಿದರೆ, ಗೌಂಡಿ ಗರ್ಡರಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಚಾಣ, ಸುತ್ತಿಗೆ ಹಿಡಿದು ತನ್ನ ನಯವನ್ನು ತಾನೇ ಕೆತ್ತುತ್ತಿದ್ದ. ಅವಳು ಪಕ್ಕದಲ್ಲೇ ನಿಂತಿದ್ದಳು.

"ಮಾರಿ ಕಾಣೂಹಂಗ ತಿಕ್ಕೀರಲ್ಲ ಚಾಚಾ, ನಾ ಏನ್ ಕನ್ನಡಿ ಕೇಳಿದ್ನೇನ್ರಿ?"

"ಕೆತ್ತಾಕತ್ತೇನಲ್ರಿ ಬಾಯಾರ, ಇನ್ನೆಷ್ಟ ಬೈತೀರಿ!"

ಅವಳು ಅಧಿಕಾರಿಗಳ ಕಡೆ ತಿರುಗಿದಳು. "ತಪ್ಪು ನಂದ್ರಿ ಸರ್. ಹೇಳಿ ಹೋಗಬೇಕಾಗಿತ್ತು. ತಟ್ಟು ತಗದ ಕೂಡ್ಲೆ ಇವರ ಥೀಸಿಸ್ನ್ಯಾಗಿನ ಫೋಟೋ ನೆನಪಾತು. ನಯ ಇದ್ದ ತುಂಡ ಮೊದಲ ಜಾರೂದು." ಜಂಬಕ್ಕೆ ನಾನೇ ಕೊಟ್ಟಿದ್ದ ಥೀಸಿಸ್ ಅದು. ಅವಳು ಓದಿದ್ದಳು.

"ಶಾಬ್ಬಾಸ್" ಎಂದರು ಅಧಿಕಾರಿಗಳು. ಅವಳಿಗೆ.

ಗೌಂಡಿ ಸುತ್ತಿಗೆ ನಿಲ್ಲಿಸಿ ನನ್ನನ್ನು ನೋಡಿದ. "ಸಾಹೇಬ್ರ, ಅವತ್ತ ನೀವು ತಟ್ಟ ಎತ್ತಿ ನೋಡಿದ್ರಲ್ಲ? ಏನೂ ಅನಲಿಲ್ಲ. ಚಲೋ ಆಗೇತಿ ಅಂತ ತಿಳದ್ನಿ ನಾ."

ಅವಳು ನನ್ನ ಕಡೆ ನೋಡಿದಳು, ಕೆಳಗೆ ಬಿದ್ದಿದ್ದ ಬ್ರಷ್ ಎತ್ತಿಕೊಂಡು ಪುಡಿ ಗುಡಿಸತೊಡಗಿದಳು. ನಾನು ಏನಾದರೂ ಹೇಳಿದೆನೇ? "ಮರೆತಿದ್ದೆ" ಎಂದೆನೆಂದು ನೆನಪು. ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳ ಆ ದೊಡ್ಡತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಇವತ್ತು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. 'ಮೇಲ್ಮೈ ನಯವಾಗಿದೆ' ಎಂಬುದು ನೀಲಿ ಶಾಯಿ, ಆ ತಿಂಗಳ ಎಲ್ಲ ಪುಟಗಳಂತೆ. 'ಹೇಳಬೇಕು' ಎಂಬುದು ಕಪ್ಪು. ಅದನ್ನು ಯಾವಾಗ ಸೇರಿಸಿದೆನೋ ನನಗೆ ನೆನಪಿಲ್ಲ.