ಟೀಚರಮ್ಮನ ಅಂಗಳದ ಬೋರ್ಡು

ಎಪ್ಪತ್ತನೆಯ ಇಸವಿಯ ಸೆಪ್ಟೆಂಬರಿನಲ್ಲಿ ಎದುರು ಮನೆಯಾಕೆ ನಮ್ಮ ಬಾಗಿಲು ತಟ್ಟಿ, ಮನೆಮನೆಗೆ ಚುನಾವಣೆಯ ಕರಪತ್ರ ಹಂಚಲು ಜೊತೆಗೆ ಬರುತ್ತೀಯಾ ಎಂದು ಕೇಳಿದರು. ನನಗೆ ನಗು ಬಂತು.

"ನನಗಿಲ್ಲಿ ಓಟೇ ಇಲ್ಲವಲ್ಲ" ಎಂದೆ.

"ನಿನ್ನ ಓಟು ಬೇಡ, ಕಾಲು ಬೇಕು. ನನ್ನ ಮಂಡಿಗೆ ಮೆಟ್ಟಿಲು ಹತ್ತೋಕಾಗಲ್ಲ" ಎಂದರು.

ಡೆಟ್ರಾಯಿಟ್‌ನ ವಾಯವ್ಯಕ್ಕಿರುವ ಆ ಉಪನಗರಕ್ಕೆ ನಾವು ಬಂದು ಒಂದು ವರ್ಷವಾಗಿತ್ತು. ಗಂಡ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಮಗಳು ಆಗಷ್ಟೇ ಕಿಂಡರ್‌ಗಾರ್ಟನ್ ಸೇರಿದ್ದಳು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು, ಹಗಲೆಲ್ಲ ಕಿಟಕಿಯಿಂದ ಖಾಲಿ ರಸ್ತೆ ನೋಡುತ್ತ ಕೂತಿರುತ್ತಿದ್ದೆ. ಎದುರು ಮನೆಯಾಕೆ ಊರಿನ ಶಾಲೆಯಲ್ಲಿ ಬಹಳ ವರ್ಷ ಮೂರನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತರಾದವರು. ಅವರ ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು.

ಹಾಗೆ ಸೀರೆಯ ಮೇಲೊಂದು ಕೋಟು ಹಾಕಿಕೊಂಡು ನಾನು ಅವರ ಹಿಂದೆ ಹೊರಟೆ. ಅವರ ಅಭ್ಯರ್ಥಿ ಆ ಕ್ಷೇತ್ರದ ಹಾಲಿ ಕಾಂಗ್ರೆಸ್‌ಮನ್. ಕಾಂಗ್ರೆಸ್ ಎಂದರೆ ಅಲ್ಲಿ ಪಕ್ಷವಲ್ಲ, ಸಂಸತ್ತು, ಅದಕ್ಕೆ ಎರಡು ವರ್ಷಕ್ಕೊಮ್ಮೆ ಚುನಾವಣೆ ಎಂಬುದನ್ನು ಮೈಸೂರಿನಲ್ಲಿದ್ದ ಅಪ್ಪನಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿತ್ತು. ನಡೆಯುತ್ತ ಟೀಚರಮ್ಮ ಆ ಸೀಟಿನ ಕಥೆ ಹೇಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದಾಗಿನಿಂದ ಅದು ಒಂದೇ ಪಕ್ಷದ ಕೈಯಲ್ಲಿತ್ತಂತೆ. ಆಗ ಇಲ್ಲೆಲ್ಲ ಜೋಳದ ಹೊಲ, ಸೇಬಿನ ತೋಟ. ಆಮೇಲೆ ಹೊಲ ತುಂಡು ಮಾಡಿ ಮನೆಗಳ ಬಡಾವಣೆ ಎಬ್ಬಿಸಿದರು. ಡೆಟ್ರಾಯಿಟ್‌ನಿಂದ ಜನ ಬಂದರು. ಅರವತ್ತೇಳರ ಬೇಸಿಗೆಯಲ್ಲಿ ಕಪ್ಪು-ಬಿಳಿ ಗಲಭೆಗೆ ನಗರ ಹೊತ್ತಿ ಉರಿದ ಮೇಲಂತೂ ಲಾರಿ ಮೇಲೆ ಲಾರಿ ಸಾಮಾನು ಬಂತು.

"ಈ ಸಾಲಿನಲ್ಲಿ ಯಾರೂ ಇಲ್ಲಿ ಹುಟ್ಟಿದೋರಲ್ಲ. ಎಲ್ಲಾ ಏನನ್ನೋ ಬಿಟ್ಟು ಬಂದಿದಾರೆ. ಮತ್ತೆ ಬಿಡಲ್ಲ ಅಂತ ಕೂತಿದಾರೆ" ಎಂದರು.

ಬಾಗಿಲು ತೆರೆದವರು ಮೊದಲು ನನ್ನನ್ನು ನೋಡಿ, ಆಮೇಲೆ ಅವರನ್ನು ನೋಡಿ, ಆಮೇಲೆ ನಗುತ್ತಿದ್ದರು. ಮೂಲೆಮನೆಯವರೊಬ್ಬರು ಮಾತ್ರ ನನ್ನನ್ನು ನೋಡಿಯೇ ನಕ್ಕರು. ಅವರು ವಿಮೆ ಏಜೆಂಟು, ತೆಳ್ಳನೆಯ ಮನುಷ್ಯ, ಬಹಳ ಮೆತ್ತಗಿನ ದನಿ. ನಾವು ಮನೆಗೆ ಬಂದ ದಿನವೇ ಅವರ ಹೆಂಡತಿ ಆಪಲ್ ಪೈ ತಂದುಕೊಟ್ಟಿದ್ದರು. ಮೊದಲ ಹಿಮ ಬಿದ್ದಾಗ ನಮ್ಮ ಗ್ಯಾರೇಜಿನ ದಾರಿ ಗೋರಿಕೊಟ್ಟವರೂ ಇವರೇ. ಕರಪತ್ರ ತೆಗೆದುಕೊಂಡು, "ನಿಮ್ಮ ಮನುಷ್ಯನಿಗೇ ನನ್ನ ಓಟು" ಎಂದು ಟೀಚರಮ್ಮನಿಗೆ ಹೇಳಿದರು. ನನ್ನ ಕಡೆ ತಿರುಗಿ, "ನಿಮ್ಮಂಥವರು ಬಂದರೆ ಏನೂ ತೊಂದರೆಯಿಲ್ಲ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ರಸ್ತೆಗೆ ಬಂದ ಮೇಲೆ, ಹಾಗಾದರೆ ಯಾರು ಬಂದರೆ ತೊಂದರೆ ಎಂಬ ಪ್ರಶ್ನೆ ಎದ್ದಿತು. ಟೀಚರಮ್ಮನನ್ನು ಕೇಳಲಿಲ್ಲ. ಅವರು ಆಗಲೇ ಮುಂದಿನ ಮನೆಯ ಕಡೆ ಕುಂಟುತ್ತ ಹೊರಟಿದ್ದರು.

ಕಾಂಗ್ರೆಸ್‌ಮನ್ ಎಂದಿನಂತೆ ಗೆದ್ದರು.

ಮರುವರ್ಷದ ಬೇಸಿಗೆಯ ಕೊನೆಗೆ, ನಮ್ಮಿಂದ ಹೆಚ್ಚು ದೂರವಿಲ್ಲದ ಊರೊಂದರಲ್ಲಿ ನಿಲ್ಲಿಸಿದ್ದ ಶಾಲಾ ಬಸ್ಸುಗಳನ್ನು ಡೈನಮೈಟ್ ಇಟ್ಟು ಸಿಡಿಸಿದರು. ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬಸ್ಸಿನಲ್ಲಿ ಕರೆದೊಯ್ದು ಒಂದೇ ಶಾಲೆಯಲ್ಲಿ ಕೂರಿಸಬೇಕು ಎಂದು ಅಲ್ಲಿನ ನ್ಯಾಯಾಲಯ ಹೇಳಿತ್ತು. ಟಿವಿಯಲ್ಲಿ ಸುಟ್ಟ ಬಸ್ಸಿನ ಹಳದಿ ಬಣ್ಣ ಅಲ್ಲಲ್ಲಿ ಉಳಿದು ಕಾಣುತ್ತಿತ್ತು. ಮಗಳು ಬಂದು, "ಈಸ್ ದಟ್ ಮೈ ಬಸ್?" ಎಂದಳು. ಗಂಡ ಎದ್ದು ಟಿವಿ ಆರಿಸಿದರು.

ಎಪ್ಪತ್ತೆರಡರಲ್ಲಿ ವಿಷಯ ನಮ್ಮ ಬೀದಿಗೇ ಬಂತು. ಡೆಟ್ರಾಯಿಟ್ ನಗರವನ್ನೂ ಸುತ್ತಲಿನ ಉಪನಗರಗಳನ್ನೂ ಸೇರಿಸಿ ಮಕ್ಕಳನ್ನು ಹಂಚಬೇಕೆಂಬ ವಾದ ನ್ಯಾಯಾಲಯದಲ್ಲಿತ್ತು. ಶಾಲೆಯ ಜಿಮ್‌ನಲ್ಲಿ ತಂದೆತಾಯಿಯರ ಸಭೆ ಕರೆದರು. ನಾನೂ ಹೋಗಿದ್ದೆ. ಅಷ್ಟು ಜನ ಒಟ್ಟಿಗೆ ಸೇರಿದ್ದನ್ನು ಆ ಊರಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಎದ್ದು, ನಮ್ಮ ಮಕ್ಕಳು, ನಮ್ಮ ಮನೆಗಳು, ನಮ್ಮ ಬೀದಿ ಎಂದರು. ಪ್ರತಿ ಸಲವೂ ಚಪ್ಪಾಳೆ. ಕೊನೆಗೆ ಟೀಚರಮ್ಮ ಕುರ್ಚಿಯ ಬೆನ್ನು ಹಿಡಿದು ಎದ್ದರು.

"ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳಿಗೆ ಓದೋದು ಕಲಿಸಿದೀನಿ. ಬಸ್ಸಲ್ಲಿ ಯಾವ ಮಗು ಬಂದರೂ ಕಲಿಸ್ತಿದ್ದೆ. ನಮ್ಮ ಕಾಂಗ್ರೆಸ್‌ಮನ್ನೂ ಇದೇ ಮಾತು ಹೇಳ್ತಾರೆ, ನೋಡಿ" ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಕೂರುವಾಗ ಕುರ್ಚಿ ಕಿರುಗುಟ್ಟಿದ್ದು ಇಡೀ ಜಿಮ್‌ಗೆ ಕೇಳಿಸಿತು.

ಮಾರನೆಯ ದಿನ ಅವರು ಅಂಗಳದಲ್ಲಿ ಕಾಂಗ್ರೆಸ್‌ಮನ್ ಹೆಸರಿನ ಬೋರ್ಡು ನೆಟ್ಟರು. ಫೋನ್ ಬರಲು ಶುರುವಾಯಿತು. ಎತ್ತಿದರೆ ಮಾತಿಲ್ಲ, ಉಸಿರು ಮಾತ್ರ. ಒಂದು ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಫೋನ್ ಬಂತು. ಅವರ ಕೈ ಹಿಟ್ಟಾಗಿತ್ತು, ನಾನೇ ಎತ್ತಿದೆ. ಟೀಚರಮ್ಮನೇ ಎತ್ತಿದ್ದಾರೆ ಎಂದುಕೊಂಡು ಆ ಕಡೆಯವರು, ಯೋಗಕ್ಷೇಮ ವಿಚಾರಿಸುವಷ್ಟು ನಯವಾಗಿ, "ಬೋರ್ಡು ಇನ್ನೂ ಅಲ್ಲೇ ಇದೆಯಲ್ಲ" ಎಂದು ಹೇಳಿ ಇಟ್ಟುಬಿಟ್ಟರು. ಆ ದನಿ ನನಗೆ ಗೊತ್ತು ಅನ್ನಿಸಿತು. ಎಲ್ಲಿ ಕೇಳಿದ್ದೆ ಎಂಬುದು ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಬೋರ್ಡು ಸುಟ್ಟು ಕರಕಲಾಗಿತ್ತು. ಸುತ್ತಲಿನ ಹುಲ್ಲೂ ಅಷ್ಟಗಲ ಕಪ್ಪಾಗಿತ್ತು. ಟೀಚರಮ್ಮ ಇನ್ನೊಂದು ತಂದು ಅದೇ ತೂತಿನಲ್ಲಿ ನೆಟ್ಟರು.

"ನೀನು ಆ ಮನೆಗೆ ಹೋಗೋದು ಕಮ್ಮಿ ಮಾಡು" ಎಂದರು ನನ್ನ ಗಂಡ.

"ಯಾಕ್ರೀ? ನಾನೇನು ಮಾಡಿದೀನಿ?"

"ಏನೂ ಮಾಡಿಲ್ಲ. ಅದಕ್ಕೇ ಹೇಳ್ತಿರೋದು. ಗ್ರೀನ್ ಕಾರ್ಡ್ ಇಟ್ಕೊಂಡು ಇರೋರು ನಾವು. ಇದು ಅವರವರ ಜಗಳ."

"ಅವರವರದು ಅಂತ ಹೆಂಗೆ ಹೇಳ್ತೀರಿ? ಮಗಳು ಹೋಗೋದು ಅದೇ ಸ್ಕೂಲಿಗೆ ತಾನೇ?"

ಅವರು ಆ ವಾರ ಗ್ಯಾರೇಜಿನ ಬಾಗಿಲಿಗೆ ಹೊಸ ಬೀಗ ಹಾಕಿಸಿದರು. ನಾನು ಎದುರು ಮನೆಗೆ ಹೋಗುವುದನ್ನು ಬಿಡಲಿಲ್ಲ.

ಬೇಸಿಗೆಯಲ್ಲಿ ನ್ಯಾಯಾಲಯದ ಆದೇಶ ಹೊರಬಿತ್ತು. ನಗರದ ಮಕ್ಕಳು ಇಲ್ಲಿಗೆ, ಇಲ್ಲಿನವರು ಅಲ್ಲಿಗೆ. ಮಾರನೇ ವಾರ ಕಾಂಗ್ರೆಸ್‌ಮನ್ ಟೀಚರಮ್ಮನ ಮನೆಗೆ ಕಾಫಿಗೆ ಬಂದರು. ಬೀದಿಯ ಕೆಲವರನ್ನು ಕರೆದಿದ್ದರು. ಬಡಿಸಿಕೊಡಲು ನಾನಿದ್ದೆ. ಕಾಂಗ್ರೆಸ್‌ಮನ್ ಎತ್ತರದ, ದಣಿದ ಮುಖದ ಮನುಷ್ಯ. ಸೋಫಾದ ತುದಿಯಲ್ಲಿ ಕೂತು, ಈ ಬಸ್ಸುಗಳನ್ನು ನಿಲ್ಲಿಸಲು ಸಂವಿಧಾನವನ್ನೇ ತಿದ್ದಬೇಕಾದರೆ ಅದಕ್ಕೂ ತಾವು ಓಟು ಹಾಕುವುದಾಗಿ ಹೇಳಿದರು. ಕೂತವರ ಹೆಗಲುಗಳು ಸಡಿಲವಾದದ್ದು ಕಣ್ಣಿಗೆ ಕಂಡಿತು.

"ಹೋದ ವರ್ಷ ಬೇರೆ ಹೇಳಿದ್ರಲ್ಲ" ಎಂದರು ಟೀಚರಮ್ಮ.

"ಹೋದ ವರ್ಷ ಬೇರೆ ಕ್ಷೇತ್ರ ಇತ್ತು. ಕ್ಷೇತ್ರದ ಗಡಿಗೆರೆ ಹೊಸದಾಗಿ ಎಳೆದಿದಾರೆ. ಹೊಸ ಜನ ಬಂದಿದಾರೆ. ಅವರ ಮಾತು ನಾನು ಕೇಳಬೇಕಲ್ಲ?" ಎಂದರು ಅವರು. ಕೇಕ್ ಚೆನ್ನಾಗಿದೆ ಎಂದೂ ಹೇಳಿದರು.

ಅವರ ಕಾರು ಹೋದ ಕೂಡಲೇ ಟೀಚರಮ್ಮ ಅಂಗಳಕ್ಕಿಳಿದು ಬೋರ್ಡು ಕಿತ್ತರು. ಮಂಡಿ ಬಗ್ಗದೆ ಒದ್ದಾಡುತ್ತಿದ್ದರು. ನಾನು ಹೋಗಿ ಹಿಡಿದುಕೊಂಡೆ.

ಅಂದಿನಿಂದ ಫೋನ್ ನಿಂತಿತು. ಎರಡು ದಿನ ಬಿಟ್ಟು ಮೂಲೆಮನೆಯವರು ತಮ್ಮ ಹಿತ್ತಿಲ ಟೊಮ್ಯಾಟೊ ಹಿಡಿದು ಬಂದರು. ನಾನು ಅಲ್ಲೇ ಇದ್ದೆ. "ನೀವು ಅರ್ಥ ಮಾಡಿಕೊಂಡಿದ್ದು ಒಳ್ಳೇದಾಯ್ತು. ಎಲ್ಲರಿಗೂ ನೆಮ್ಮದಿ" ಎಂದರು. ಟೀಚರಮ್ಮ ಟೊಮ್ಯಾಟೊ ತೆಗೆದುಕೊಂಡು ಬಾಗಿಲು ಹಾಕಿದರು. ಎಷ್ಟೋ ಹೊತ್ತು ಅವು ಅವರ ಕೈಯಲ್ಲೇ ಇದ್ದವು.

"ಹೆದರಿ ಕಿತ್ತೆ ಅಂದ್ಕೊಂಡಿದಾರೆ" ಎಂದರು ಕೊನೆಗೆ.

ಆ ನವೆಂಬರಿನ ಚುನಾವಣೆಗೆ ಅವರು ತಾವೇ ನಿಂತರು. ಮತಯಂತ್ರದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಬೇಕೆಂದವರು ಯಂತ್ರದ ಸಣ್ಣ ಕಿಂಡಿಯಲ್ಲಿ ಕೈಯಾರೆ ಹೆಸರು ಬರೆಯಬೇಕಿತ್ತು. ಗೆಲ್ಲುವ ಮಾತೇ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಹಲಗೆಯೊಂದಕ್ಕೆ ಬಿಳಿ ಬಣ್ಣ ಬಳಿದು ತಮ್ಮ ಹೆಸರನ್ನು ಶಾಲೆಯ ಕಪ್ಪುಹಲಗೆಯ ಗುಂಡು ಅಕ್ಷರದಲ್ಲಿ ಬರೆದು ನೆಟ್ಟರು. ನಾವಿಬ್ಬರೂ ಮತ್ತೆ ಮನೆಮನೆಗೆ ಹೊರಟೆವು. ಈ ಸಲ ಪರದೆಗಳು ಅಲುಗುತ್ತಿದ್ದವು, ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಟಿವಿಯ ಸದ್ದು ಕೇಳುತ್ತಿತ್ತು. ನಾವು ಮೆಟ್ಟಿಲೇರಿದ ಕೂಡಲೇ ಅದೂ ನಿಲ್ಲುತ್ತಿತ್ತು. ಅಕ್ಟೋಬರಿನ ಒಂದು ಸಂಜೆ ಕಲ್ಲೊಂದು ಅವರ ಊಟದ ಕೋಣೆಯ ಗಾಜು ಒಡೆದು, ಇಸ್ತ್ರಿ ಮಾಡಿಟ್ಟ ಬಟ್ಟೆಯ ರಾಶಿಯ ಮೇಲೆ ಬಿತ್ತು. ಪೊಲೀಸಿನವನು ಬಂದು, ಹುಡುಗರ ಕೆಲಸ ಇರಬೇಕು ಎಂದು ಹೇಳಿ ಹೋದ. ನಾನೂ ನನ್ನ ಗಂಡನೂ ಕಿಟಕಿಗೆ ಹಲಗೆ ಹೊಡೆದೆವು. ಅವರು ಮೊಳೆ ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಹೊಡೆದರು.

ಮತದಾನದ ದಿನ ನಾನು ಟೀಚರಮ್ಮನನ್ನು ಶಾಲೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಮೂಲೆಮನೆಯವರು ಮತಗಟ್ಟೆಯ ಬ್ಯಾಡ್ಜ್ ಹಾಕಿಕೊಂಡು ನಿಂತಿದ್ದರು. ಟೀಚರಮ್ಮನಿಗೆ ಬಾಗಿಲು ಹಿಡಿದು, "ಇನ್ನೂ ಇಲ್ಲೇ ಇದೀರಲ್ಲ" ಎಂದರು.

ಫೋನಿನಲ್ಲಿ ಕೇಳಿದ್ದು ಅದೇ ದನಿ. ಟೀಚರಮ್ಮನ ಮುಖ ನೋಡಿದೆ. ಅವರಿಗೆ ಮೊದಲೇ ತಿಳಿದಿತ್ತು ಎಂದು ಆಗ ಗೊತ್ತಾಯಿತು. "ಹೌದು, ಇಲ್ಲೇ" ಎಂದು ಹೇಳಿ ಅವರು ಒಳಗೆ ಹೋದರು.

ಕಾಂಗ್ರೆಸ್‌ಮನ್ ಹಿಂದೆಂದಿಗಿಂತ ದೊಡ್ಡ ಅಂತರದಲ್ಲಿ ಗೆದ್ದರು. ಪತ್ರಿಕೆಯಲ್ಲಿ ಟೀಚರಮ್ಮನ ಹೆಸರು ಬರಲಿಲ್ಲ. ಅವರಿಗೆ ಬಿದ್ದ ಓಟುಗಳು 'ಇತರೆ' ಎಂಬಲ್ಲಿ ಸೇರಿದ್ದವು.

ಮರುವರ್ಷ ನನ್ನ ಗಂಡನಿಗೆ ಶಿಕಾಗೋ ಬಳಿ ಕೆಲಸ ಸಿಕ್ಕಿ ನಾವು ಅಲ್ಲಿನ ವುಡ್‌ರಿಡ್ಜ್ ಎಂಬ ಉಪನಗರಕ್ಕೆ ಹೋದೆವು. ಕೆಲಸಕ್ಕೆ ಅವರು ಯಾಕೆ ಅಪ್ಲೈ ಮಾಡಿದರೆಂದು ನಾನು ಕೇಳಲಿಲ್ಲ. ಎಪ್ಪತ್ನಾಲ್ಕರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಬಸ್ಸುಗಳು ಆ ಊರಿಗೆ ಬರಲೇ ಇಲ್ಲ. ಅದೇ ಬೇಸಿಗೆ ದೇಶದ ಅಧ್ಯಕ್ಷರು ಹಗರಣವೊಂದರಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟರು. ಜನ ಆ ಸಿಟ್ಟನ್ನು ನವೆಂಬರಿನ ಚುನಾವಣೆಯಲ್ಲಿ ಅವರ ಪಕ್ಷದ ಮೇಲೆ ತೀರಿಸಿಕೊಂಡರು; ನಮ್ಮ ಕಾಂಗ್ರೆಸ್‌ಮನ್ ಪಕ್ಷವೂ ಅದೇ. ಯುದ್ಧ ಮುಗಿದಾಗಿನಿಂದ ಒಂದೇ ಪಕ್ಷದ ಕೈಯಲ್ಲಿದ್ದ ಸೀಟು ಇನ್ನೊಂದಕ್ಕೆ ಹೋಯಿತು. ನಾನು ಸಂತೋಷದಿಂದ ಫೋನ್ ಮಾಡಿದೆ.

"ಹೊಸಬನೂ ಬಸ್ಸಿನ ವಿಷಯದಲ್ಲಿ ಅದೇ ಹೇಳಿದ್ದು ಕಣಮ್ಮ. ನೀನು ಕೇಳಿಸ್ಕೊಂಡಿಲ್ಲ ಅಷ್ಟೆ" ಎಂದರು ಟೀಚರಮ್ಮ.

ಎಪ್ಪತ್ತಾರರ ಬೇಸಿಗೆಯಲ್ಲಿ ಅವರನ್ನು ನೋಡಲು ಡ್ರೈವ್ ಮಾಡಿಕೊಂಡು ಹೋದೆವು. ಬೀದಿಯುದ್ದಕ್ಕೂ ಒಂದೇ ಬಣ್ಣದ ಬೋರ್ಡುಗಳು, ಎಲ್ಲದರ ಮೇಲೂ ಮೂಲೆಮನೆಯವರ ಹೆಸರು. ಅಷ್ಟರಲ್ಲಿ ಶಾಲಾ ಮಂಡಳಿಗೆ ಆಯ್ಕೆಯಾಗಿದ್ದ ಅವರು ಈಗ ಆ ಕಾಂಗ್ರೆಸ್ ಸೀಟಿಗೇ ನಿಂತಿದ್ದರು. ಟೀಚರಮ್ಮ ಬಹಳ ಇಳಿದುಹೋಗಿದ್ದರು. ಟೀ ಸುರಿಯುತ್ತ ಹೇಳಿದರು:

"ಬೆಂಬಲ ಕೇಳೋಕೆ ಬಂದಿದ್ದ. ಕೂರಿಸಿದೆ. ಆ ದಿನಗಳಲ್ಲಿ ಫೋನ್ ಮಾಡ್ತಿದ್ದಿದ್ದು ನೀನೇ ತಾನೇ ಅಂತ ಕೇಳಿದೆ."

"ಏನಂದರು?"

"'ಅದು ಎಲ್ಲರಿಗೂ ಕಷ್ಟದ ಕಾಲ' ಅಂದ. ಇಲ್ಲ ಅನ್ನಲಿಲ್ಲ. ನಾಚಿಕೆನೂ ಪಡಲಿಲ್ಲ. ನನಗೆ ಅದೇ ಭಯ."

ಹೊರಡುವಾಗ ಮೂಲೆಮನೆಯವರು ಹುಲ್ಲಿಗೆ ನೀರು ಬಿಡುತ್ತಿದ್ದರು. ನಮ್ಮ ಗುರುತು ಹಿಡಿದು ಕೈಯೆತ್ತಿ ಕಾರು ನಿಲ್ಲಿಸಿದರು. ಕಿಟಕಿಗೆ ಬಗ್ಗಿ ಮಗಳನ್ನು ಯಾವ ಗ್ರೇಡು ಎಂದು ಕೇಳಿದರು. "ಸಿಕ್ಸ್ತ್, ಆಫ್ಟರ್ ಸಮ್ಮರ್" ಎಂದಳು ಅವಳು.

"ಈಗ ಮನೆ ಎಲ್ಲಿ?" ಎಂದರು ನನ್ನ ಗಂಡನನ್ನು.

"ಶಿಕಾಗೋ ಕಡೆ."

"ಶಿಕಾಗೋ ದೊಡ್ಡ ಊರು. ಯಾವ ಕಡೆ?"

ನನ್ನ ಗಂಡ, ಎದುರು ಬಂದವರ ಮಾತನ್ನು ಎಂದೂ ಅರ್ಧಕ್ಕೆ ಬಿಡದ ಮನುಷ್ಯ, ಗಾಜು ಏರಿಸಿ ಕಾರು ಮುಂದೆ ಬಿಟ್ಟರು. ಹೆದ್ದಾರಿ ಸೇರುವವರೆಗೂ ಹಿಂಬದಿಯ ಕನ್ನಡಿ ನೋಡುತ್ತಲೇ ಓಡಿಸಿದರು.

ನವೆಂಬರಿನಲ್ಲಿ ಮೂಲೆಮನೆಯವರು ಗೆದ್ದರು.